ತೂತಿಲ್ಲದ ಟ್ಯೂಬು

ಹಿಂದಿನ ಚಕ್ರ ಮೆತ್ತಗಾಗುವುದು ಮೊದಲು ಸೊಂಟಕ್ಕೆ ಗೊತ್ತಾಗುತ್ತದೆ, ಆಮೇಲೆ ಕಿವಿಗೆ. ಸೊಂಟಕ್ಕೆ ಗೊತ್ತಾದ ಮೇಲೂ ಅವನು ಇನ್ನೂರು ಮುನ್ನೂರು ಗಜ ತುಳಿದ. ಡಾಂಬರು ಹೊಸದು, ಅದಕ್ಕೇ ಮೆತ್ತಗಿದೆ, ಇಲ್ಲವೇ ನಿನ್ನೆ ಸರಿಯಾಗಿ ನಿದ್ದೆಯಾಗದೆ ಕಾಲೇ ಭಾರವಾಗಿದೆ ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ರಿಮ್ಮು ನೆಲಕ್ಕೆ ಬಡಿದು ಬೆನ್ನಿನ ಬುಡದವರೆಗೂ ಕಟಕ್ಕೆಂದಾಗ ಇಳಿದ. ಇದು ಹನ್ನೆರಡನೆಯ ಪಂಕ್ಚರು. ನಾಲ್ಕು ತಿಂಗಳಲ್ಲಿ ಹನ್ನೆರಡು. ವರ್ತುಲ ರಸ್ತೆಯ ಅಂಚಿನಲ್ಲಿ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಚಕ್ರ ಕಳಚಿ, ಟೈರಿನ ಅಂಚಿಗೆ ಪ್ಲಾಸ್ಟಿಕ್ ಚಮಚ ತೂರಿಸಿ ಎಬ್ಬಿಸುವಾಗ ಅವನ ಕೈಗಳು ಯಾರದೋ ಕೈಗಳಂತೆ ಚುರುಕಾಗಿದ್ದವು. ಈ ನಾಲ್ಕು ತಿಂಗಳಲ್ಲಿ ಅವನು ಕಲಿತ ಒಂದೇ ಒಂದು ವಿದ್ಯೆ ಇದು. ಟೈರಿನ ಒಳಗೆಲ್ಲ ಬೆರಳಾಡಿಸಿದ. ನುಣ್ಣಗಿತ್ತು. ಇನ್ನೊಂದು ಸುತ್ತು ಆಡಿಸಿದ, ಈ ಸಲ ಕಣ್ಣು ಮುಚ್ಚಿ. ಏನೂ ಇಲ್ಲ. ಜೇಬಿನಲ್ಲಿದ್ದ ಬದಲಿ ಟ್ಯೂಬನ್ನು ಹಾಕಿ, ಗೇಣುದ್ದದ ಪಂಪಿನಲ್ಲಿ ನೂರೈವತ್ತು ಸಲ ಗಾಳಿ ಹೊಡೆದು, ಬೆವರು ಒರೆಸಿಕೊಂಡು ಹತ್ತಿ ಹೊರಟ. ಒಂದೂವರೆ ಕಿಲೋಮೀಟರು. ಮತ್ತೆ ಸೊಂಟಕ್ಕೆ ಗೊತ್ತಾಯಿತು.

ಆಗ ಅವನಿಂದ ಆಗಬಾರದ್ದು ಆಯಿತು. ನಲವತ್ತೆಂಟು ವರ್ಷದ, ತೂಕ-ಅಳತೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇನ್‌ಸ್ಪೆಕ್ಟರಾಗಿರುವ, ಯಾರ ಎದುರೂ ದನಿ ಎತ್ತದವನೆಂದು ಹೆಸರಾದ ಮನುಷ್ಯ, ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಎರಡೂ ಕೈಯಿಂದ ಸೈಕಲ್ಲಿನ ಸೀಟನ್ನು ಹಿಡಿದು ಅಲ್ಲಾಡಿಸುತ್ತಾ, "ನಾನೇನು ಮಾಡಿದೀನಿ ನಿಂಗೆ? ಹೇಳು, ಏನು ಮಾಡಿದೀನಿ?" ಎಂದು ಕೂಗಿದ. ಕೂಗಿದ ಮೇಲೆಯೇ ಬೆಳಗಿನ ನಡಿಗೆಗೆ ಬಂದ ವಯಸ್ಸಾದ ಗಂಡಹೆಂಡಿರು ಹತ್ತು ಮಾರಿನಾಚೆ ನಿಂತಿರುವುದು ಕಂಡಿತು. ಹೆಂಗಸು ಗಂಡನ ತೋಳು ಹಿಡಿದಿದ್ದಳು. ಮುದುಕ ಕಣ್ಣು ಕಿರಿದು ಮಾಡಿ ನೋಡಿ, "ಪಂಕ್ಚರ್ ಅಷ್ಟೇ ಕಣೇ. ಯಾರೂ ಸತ್ತಿಲ್ಲ, ನಡಿ" ಎಂದ. ಕಿವುಡರು ಮಾತಾಡುವಷ್ಟು ಜೋರಾಗಿ ಅಂದಿದ್ದ. ಅವರು ದಾಟಿ ಹೋಗುವವರೆಗೂ ಇವನು ಬಗ್ಗಿ ಬೂಟಿನ ಪಟ್ಟಿ ಸರಿಮಾಡುತ್ತಿರುವವನಂತೆ ನಟಿಸಿದ. ಪಟ್ಟಿ ಸರಿಯಾಗಿಯೇ ಇತ್ತು.

ನಡೆಯಬೇಕಾಯಿತು. ಪೆಡಲಿಗೆ ಸಿಕ್ಕಿಕೊಳ್ಳುವ ಅಚ್ಚು ಅಡಿಯಲ್ಲಿರುವ ಆ ಬೂಟು ತುಳಿಯುವುದಕ್ಕೇ ಮಾಡಿದ್ದು, ನಡೆಯುವುದಕ್ಕಲ್ಲ. ಹಿಮ್ಮಡಿಯ ಮೇಲೆ ಟಕಟಕನೆ ಬಾತುಕೋಳಿಯಂತೆ ಹೋಗಬೇಕು. ಬಿಗಿಯಾದ ಬಟ್ಟೆಯಲ್ಲಿ ಹೊಟ್ಟೆ ಎದ್ದು ಕಾಣುತ್ತದೆ. ತುಳಿಯುವಾಗ ಕಾಣದ ಹೊಟ್ಟೆ ನಡೆಯುವಾಗ ಊರಿಗೆಲ್ಲ ಕಾಣುತ್ತದೆ. ಹಾಲಿನ ವ್ಯಾನಿನವನು ನಿಧಾನಿಸಿ, "ಏನ್ ಸಾರ್, ಇವತ್ತೂ ಸೈಕಲ್‌ಗೆ ವಾಕಿಂಗ್ ಮಾಡಿಸ್ತಿದೀರಾ?" ಎಂದು ನಕ್ಕು ಹೋದ. ಇವನೂ ನಕ್ಕ. ನಗದಿದ್ದರೆ ಇನ್ನೂ ಹೀನಾಯ. ಮೊದಲು ಹೀಗಿರಲಿಲ್ಲ. ಮಗಳು ಓದಲಿಕ್ಕೆಂದು ಹಾಸ್ಟೆಲ್ಲಿಗೆ ಹೋದ ವರ್ಷ, ಬಡ್ತಿಯ ಪಟ್ಟಿಯಲ್ಲಿ ತನಗಿಂತ ಆರು ವರ್ಷ ಚಿಕ್ಕವನ ಹೆಸರು ಮೇಲೆ ಬಂದ ವರ್ಷ, ಅವನು ಈ ತೆಳು ಚಕ್ರದ ಸೈಕಲ್ ಕೊಂಡಿದ್ದ. ಬೆಳಿಗ್ಗೆ ಎರಡು ತಾಸು ಗಾಳಿಯ ಸದ್ದು, ಚೈನಿನ ಸದ್ದು, ಮತ್ತೇನಿಲ್ಲ. ಮೂವತ್ತನೆಯ ಕಿಲೋಮೀಟರಿನ ಹೊತ್ತಿಗೆ ತಲೆಯೊಳಗೆ ಮಾತಾಡುವವನು ಸುಸ್ತಾಗಿ ಸುಮ್ಮನಾಗುತ್ತಿದ್ದ. ಸೈಕಲ್ ತಂದ ದಿನ ಹೆಂಡತಿ ಹೊಲಿಗೆ ಯಂತ್ರದಿಂದ ಎದ್ದು ಬಂದು, ಟೈರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನೋಡಿ, "ಇಷ್ಟು ಸಣ್ಣ ಚಕ್ರದ ಮೇಲೆ ಎಷ್ಟು ದೂರ ಓಡಿಹೋಗ್ತೀರಿ?" ಎಂದಿದ್ದಳು. ತಮಾಷೆಗೇ ಅಂದಿದ್ದಳು. ತಮಾಷೆಗೆ ಅಂದಿದ್ದಳು ಎಂದೇ ಅವನು ಇಷ್ಟು ದಿನ ಅಂದುಕೊಂಡಿದ್ದ.

ಮೊದಲ ಎರಡು ಪಂಕ್ಚರಿನ ಬಗ್ಗೆ ಅವನಿಗೆ ದೂರಿರಲಿಲ್ಲ. ಒಂದು ಗಾಜಿನ ಚೂರು, ಒಂದು ಮುಳ್ಳು. ಮೂರನೆಯದು ಒಂದು ಶನಿವಾರ. ಹಿಂದಿನ ದಿನ ಗಾಳಿ ತುಂಬಿಸಿ ಮಗಳ ಖಾಲಿ ಕೋಣೆಯಲ್ಲಿ ನಿಲ್ಲಿಸಿದ್ದ ಸೈಕಲ್ಲಿನ ಹಿಂದಿನ ಚಕ್ರ ಬೆಳಿಗ್ಗೆ ಪೂರ್ತಿ ಚಪ್ಪಟೆಯಾಗಿತ್ತು. ಸೈಕಲ್ ಅಂಗಡಿಯ ಮೇಸ್ತ್ರಿ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಗೇಣು ಗೇಣಾಗಿ ಮುಳುಗಿಸಿ ಮೂರು ಸುತ್ತು ಹಾಕಿದ. ಒಂದು ಗುಳ್ಳೆಯೂ ಏಳಲಿಲ್ಲ. "ತೂತೇ ಇಲ್ಲ ಸಾರ್. ಯಾರೋ ಗಾಳಿ ಬಿಟ್ಟಿದಾರೆ" ಎಂದ. ಅವತ್ತು ಇಬ್ಬರೂ ನಕ್ಕಿದ್ದರು. ಆದರೆ ಆ ಮಾತು ಒಳಗೆ ಹೋಗಿ ಕೂತುಬಿಟ್ಟಿತು. ಅದಾದ ಮೇಲೆ ಬಂದ ತೂತುಗಳೆಲ್ಲ ಒಂದೇ ಥರದವು, ಸೂಜಿಮೊನೆಯಷ್ಟು. ಎಷ್ಟೋ ಸಲ ರಸ್ತೆಯಲ್ಲಿ ಆಗುತ್ತಲೇ ಇರಲಿಲ್ಲ. ತುಂಬಿದ ಗಾಳಿಯಲ್ಲಿ ಮನೆ ಸೇರಿದ ಸೈಕಲ್ಲು ಮಾರನೆಯ ದಿನ ಬೆಳಿಗ್ಗೆ ಸತ್ತು ನಿಂತಿರುತ್ತಿತ್ತು. ಹೊರಬಾಗಿಲಿಗೆ ಒಳಗಿನಿಂದ ಚಿಲಕ. ಮನೆಯಲ್ಲಿರುವವರು ಇಬ್ಬರು. ಅದರಲ್ಲಿ ಒಬ್ಬ ತಾನು. ಮತ್ತೊಬ್ಬಳು ಶಾಲೆಯ ಮಕ್ಕಳ ಸಮವಸ್ತ್ರ, ಪರದೆ, ದಿಂಬಿನ ಚೀಲ ಹೊಲಿಯುವವಳು. ಅವಳ ಎದುರಿಗೆ ಯಾವಾಗಲೂ ಒಂದು ಡಬ್ಬಿ ತುಂಬ ಗುಂಡುಸೂಜಿ.

ಅನುಮಾನ ಪಡುವುದು ಅವನ ಕಸುಬು. ತಕ್ಕಡಿಯ ತಟ್ಟೆಯ ಅಡಿಗೆ ಅಂಟಿಸಿದ ನಾಣ್ಯ, ಟೊಳ್ಳು ಮಾಡಿದ ತೂಕದ ಕಲ್ಲು, ಸೀಮೆಎಣ್ಣೆಯ ಅಳತೆ ಪಾತ್ರೆಯ ತಗ್ಗಿದ ತಳ, ಇವನ್ನೆಲ್ಲ ಹುಡುಕಿ ಹುಡುಕಿ ಅವನಿಗೆ ನಗುವ ಮುಖ ಕಂಡರೆ ಕೈ ತಾನಾಗಿ ತಟ್ಟೆಯ ಅಡಿಗೆ ಹೋಗುತ್ತಿತ್ತು. ಹೆಂಡತಿ ತಟ್ಟೆ ತಂದಿಟ್ಟು, "ಇವತ್ತೂ ಹೋಗ್ಲಿಲ್ವಾ ಸೈಕಲ್ಲು?" ಎಂದು ಕೇಳಿದಾಗ ಆ ದನಿಯಲ್ಲಿ ಏನೋ ಒಂದು ಗ್ರಾಂ ಕಡಿಮೆ ಇದ್ದಂತೆ ಅನಿಸುತ್ತಿತ್ತು. ಒಂದು ದಿನ ಅವಳು ಸ್ನಾನಕ್ಕೆ ಹೋದಾಗ ಡಬ್ಬಿ ತೆಗೆದು ಗುಂಡುಸೂಜಿ ಎಣಿಸಿದ್ದ. ನೂರಾ ಹದಿನಾರು. ಎಣಿಸಿ ಏನು ಮಾಡಬೇಕೆಂದು ತಿಳಿಯದೆ ಮುಚ್ಚಿಟ್ಟ. ನಿನ್ನೆ ಸಂಜೆ ಮಾತ್ರ ಅವನು ಇನ್ನೊಂದು ಮೆಟ್ಟಿಲು ಇಳಿದಿದ್ದ. ಕಚೇರಿಯಿಂದ ಸೀಲು ಒತ್ತುವ ಇಕ್ಕಳ, ತಿರುಚಿದ ತಂತಿ, ಎರಡು ಸೀಸದ ಗುಂಡು ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ತಕ್ಕಡಿಯನ್ನು ಯಾರೂ ಬಿಚ್ಚಿಲ್ಲ ಎಂಬುದಕ್ಕೆ ಹಾಕುವ ಮುದ್ರೆ ಅದು. ಒಮ್ಮೆ ಒತ್ತಿದರೆ ಅವನ ನಂಬರು ಸೀಸದ ಮೇಲೆ ಮೂಡುತ್ತದೆ, ಕತ್ತರಿಸದೆ ಬಿಚ್ಚಲು ಬರುವುದಿಲ್ಲ. ಅವಳು ಯಂತ್ರ ತುಳಿಯುತ್ತಿರುವಾಗ, ಮಗಳ ಕೋಣೆಯಲ್ಲಿ ಮಂಡಿಯೂರಿ ಕೂತು, ಎರಡೂ ಚಕ್ರದ ಗಾಳಿಯ ಮೂತಿಗೆ, ಟೋಪಿಗೆ, ಕಡ್ಡಿಗೆ ಸೇರಿಸಿ ತಂತಿ ಸುತ್ತಿ ಸೀಲು ಒತ್ತಿದ. ಸೂಜಿ ಚುಚ್ಚಿದರೆ ಸೀಲಿಗೆ ತಿಳಿಯದು, ಗಾಳಿ ಬಿಟ್ಟರೆ ತಿಳಿಯುತ್ತದೆ. ಇವತ್ತು ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ನೋಡಿದರೆ ಸೀಲು ಹಾಗೇ ಇತ್ತು. ಚಕ್ರ ಕಲ್ಲಿನಂತೆ ಗಟ್ಟಿ. ಸಮಾಧಾನವಾಗಬೇಕಿತ್ತು. ಬದಲಿಗೆ, ಸರಿಯಾಗಿ ತೂಗುವ ತಕ್ಕಡಿಯ ಎದುರು ಬರಿಗೈಯಲ್ಲಿ ನಿಂತಾಗ ಆಗುವ ಆ ಸಣ್ಣ ನಿರಾಸೆಯಾಯಿತು. ಕತ್ತರಿಸಿದ ಸೀಲುಗಳನ್ನು ಮಗಳ ಮೇಜಿನ ಮೇಲೆ ಬಿಸಾಕಿ ಅವಸರದಲ್ಲಿ ಹೊರಟಿದ್ದ. ಬಿಸಾಕಿದ್ದು ಈಗ, ಟಕಟಕ ಸದ್ದು ಮಾಡುತ್ತಾ ನಡೆಯುವಾಗ ನೆನಪಾಯಿತು. ಅವಳು ಏಳೂವರೆಗೆ ಆ ಕೋಣೆ ಗುಡಿಸುತ್ತಾಳೆ. ಗಡಿಯಾರ ನೋಡಿಕೊಂಡ. ಎಂಟಾಗಿತ್ತು.

ಮೇಸ್ತ್ರಿ ಆಗಷ್ಟೇ ಅಂಗಡಿಯ ಬಾಗಿಲು ಎತ್ತುತ್ತಿದ್ದ. ಇವನನ್ನು ನೋಡಿ ಹಣೆ ಚಚ್ಚಿಕೊಂಡ. "ಸಾರ್, ನಿಮ್ಮ ಟ್ಯೂಬಿಗೆ ತೇಪೆ ಹಾಕೀ ಹಾಕೀ, ಈಗ ತೇಪೆಗೆ ಟ್ಯೂಬ್ ಹಾಕಿದ ಹಾಗಾಗಿದೆ." ಎರಡು ಟ್ಯೂಬನ್ನೂ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಎದ್ದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಹಲಗೆಯ ಮೇಲೆ ಪಕ್ಕಪಕ್ಕ ಮಲಗಿಸಿ ನೋಡಿದ. ಗಾಳಿಯ ಮೂತಿಯಿಂದ ಗೇಣು ಹಾಕಿ ಅಳೆದ. ಒಂದು ಗೇಣು ನಾಲ್ಕು ಬೆರಳು. ಇನ್ನೊಂದರಲ್ಲೂ ಒಂದು ಗೇಣು ನಾಲ್ಕು ಬೆರಳು. ಹಳೆಯ ತೇಪೆಗಳೂ ಅಲ್ಲಲ್ಲೇ, ಒಂದರ ಮಗ್ಗುಲಲ್ಲಿ ಒಂದು. "ಇಲ್ಲೇ ಕೂತಿದಾನೆ ಕಳ್ಳ" ಎಂದು ಟೈರನ್ನು ಒಳಹೊರಗು ಮಾಡಿ, ಆ ಜಾಗದಲ್ಲಿ ಹತ್ತಿಯ ಉಂಡೆಯನ್ನು ಮೆಲ್ಲಗೆ ಎಳೆದ. ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡು ನಿಂತಿತು. ಬೆರಳಿಗೆ ಏನೂ ತಾಗುತ್ತಿರಲಿಲ್ಲ. ಮೇಸ್ತ್ರಿ ಟೈರನ್ನು ಬಗ್ಗಿಸಿ, ಚಿಮಟ ಹಾಕಿ, ಹಲ್ಲು ಕಚ್ಚಿ ಎಳೆದಾಗ ಅರ್ಧ ಅಕ್ಕಿಕಾಳಿನಷ್ಟು ಉದ್ದದ, ಕೂದಲಿಗಿಂತ ತುಸು ದಪ್ಪದ ಉಕ್ಕಿನ ತಂತಿ ಹೊರಗೆ ಬಂತು.

"ಲಾರಿ ಟೈರ್ ಒಳಗಿನ ತಂತಿ ಸಾರ್ ಇದು. ಲಾರಿ ಟೈರ್ ಸಿಡಿದ್ರೆ ರಸ್ತೆ ತುಂಬ ಉದುರಿರುತ್ತೆ. ನೀವು ಮೇಲೆ ಕೂತಾಗ ತಲೆ ಹೊರಗೆ ಹಾಕಿ ಚುಚ್ಚುತ್ತೆ, ಇಳಿದ್ರೆ ರಬ್ಬರ್ ಒಳಗೆ ಹೋಗಿ ಮಲಗುತ್ತೆ. ಒಂದೊಂದ್ಸಲ ತೂತು ಎಷ್ಟು ಸಣ್ಣದು ಅಂದ್ರೆ ಗಾಳಿ ಹೋಗೋಕೆ ಹತ್ತು ಗಂಟೆ ಬೇಕು."

"ಮೊದಲೇ ಯಾಕೆ ಹುಡುಕ್ಲಿಲ್ಲ?" ಎಂದ ಇವನು.

"ನೀವು ಹುಡುಕೋಕೆ ಬಿಟ್ರೆ ತಾನೇ ಸಾರ್? ಪ್ರತಿ ಸಲ ಯಾರೋ ಚುಚ್ಚಿದಾರೆ, ಯಾರೋ ಚುಚ್ಚಿದಾರೆ, ಬೇಗ ತೇಪೆ ಹಾಕು ಅಂತ ನಿಂತಲ್ಲೇ ಕುಣೀತಿದ್ರಿ. ಚುಚ್ಚಿದೋರು ಸಿಕ್ಕಿದಾರೆ ಅನ್ನೋರಿಗೆ ನಾನೇನು ಹುಡುಕಿ ಕೊಡ್ಲಿ?" ಮೇಸ್ತ್ರಿ ಕೈ ಒರೆಸಿಕೊಂಡು, ಯೋಚಿಸಿ ಕೇಳಿದ. "ಅಂದ್ಹಾಗೆ ಯಾರ ಮೇಲಿತ್ತು ಸಾರ್ ಅನುಮಾನ?"

"ಯಾರ ಮೇಲೂ ಇಲ್ಲ."

ತಂತಿಯನ್ನು ಕಾಗದದ ಚೂರಿನಲ್ಲಿ ಮಡಿಸಿಕೊಡು ಎಂದು ಕೇಳಿದ. ಮೇಸ್ತ್ರಿ ವಿಚಿತ್ರವಾಗಿ ನೋಡಿ ಮಡಿಸಿಕೊಟ್ಟ. ಮನೆಗೆ ಹೋಗುವ ಧೈರ್ಯವಿರಲಿಲ್ಲ. ಕಚೇರಿಯ ಬೀರುವಿನಲ್ಲಿ ಒಂದು ಜೊತೆ ಬಟ್ಟೆ ಇಟ್ಟಿರುತ್ತಿದ್ದ. ನೇರ ಅಲ್ಲಿಗೇ ಹೋಗಿ ಮುಖ ತೊಳೆದು ಬಟ್ಟೆ ಬದಲಿಸಿದ. ಮನೆಗೆ ಫೋನು ಮಾಡಿದ. ಗಂಟೆ ಹೊಡೆದು ಹೊಡೆದು ನಿಂತಿತು. ಹತ್ತು ನಿಮಿಷ ಬಿಟ್ಟು ಮಾಡಿದ. ಯಂತ್ರದ ಸದ್ದಿಗೆ ಕೇಳಿಸಿರಲಿಕ್ಕಿಲ್ಲ ಎಂದುಕೊಂಡ. ಕೇಳಿಸಿತು, ಅವಳು ಕೈಯಲ್ಲಿ ಸೀಲು ಹಿಡಿದುಕೊಂಡು ಫೋನನ್ನೇ ನೋಡುತ್ತಾ ಕೂತಿದ್ದಾಳೆ ಎಂದೂ ಅನಿಸಿತು. ಸೀಲಿನ ಮೇಲೆ ಅವನ ನಂಬರಿದೆ. ಅವಳಿಗೆ ಆ ನಂಬರು ಬಾಯಿಪಾಠ. ಮದುವೆಯಾದ ಹೊಸದರಲ್ಲಿ ಅವನೇ ಹೆಮ್ಮೆಯಿಂದ ತೋರಿಸಿದ್ದ, ಈ ಊರಿನ ಅರ್ಧ ತಕ್ಕಡಿಗಳ ಮೇಲೆ ನಿನ್ನ ಗಂಡನ ನಂಬರಿದೆ ಎಂದು.

ಮಧ್ಯಾಹ್ನ ತಪಾಸಣೆಗೆ ಹೋಗಬೇಕಿತ್ತು. ಒಂದು ಕಾಳುಕಡ್ಡಿ ಅಂಗಡಿಯ ಮೇಲೆ ದೂರು ಬಂದಿತ್ತು. ಅಂಗಡಿ ನಡೆಸುವವಳು ಗಂಡ ಸತ್ತ ಮೇಲೆ ಒಬ್ಬಳೇ ಕೂತು ವ್ಯಾಪಾರ ಮಾಡುವ ಐವತ್ತರ ಹೆಂಗಸು. ಅವನು ಹಿತ್ತಾಳೆಯ ತೂಕಗಳ ಪೆಟ್ಟಿಗೆ ತೆರೆದು ಒಂದೊಂದಾಗಿ ಇಟ್ಟ. ಮುಳ್ಳು ನಡುವಿಗೆ ಬಂದು ನಿಂತಿತು. ತಟ್ಟೆ ಅದಲುಬದಲು ಮಾಡಿದ, ಮಗುಚಿ ನೋಡಿದ, ತಳಕ್ಕೆ ಉಗುರು ಹಾಕಿ ಗೀರಿದ. ಕೊಳ್ಳಲು ಬಂದವರು ಚೀಲ ಹಿಡಿದು ಸುತ್ತ ನಿಂತು ನೋಡುತ್ತಿದ್ದರು. ಏನೂ ಇರಲಿಲ್ಲ. "ಸರಿಯಾಗಿದೆ" ಎಂದು ಪೆಟ್ಟಿಗೆ ಮುಚ್ಚಿದ.

"ಸರಿಯಾಗಿದೆ ಅಂತ ಒಂದು ಚೀಟಿ ಬರ್ಕೊಡಿ" ಎಂದಳು ಹೆಂಗಸು.

"ಅದಕ್ಕೆ ಚೀಟಿ ಇಲ್ಲಮ್ಮ. ತಪ್ಪಿದ್ರೆ ಬರ್ಕೊಡ್ತೀವಿ."

"ತಪ್ಪಿದ್ರೆ ಎಲ್ಲರಿಗೂ ಗೊತ್ತಾಗುತ್ತೆ, ಅದಕ್ಯಾಕೆ ಚೀಟಿ? ಇಷ್ಟು ಜನ ನೋಡಿದಾರೆ ನೀವು ತಟ್ಟೆ ಕೆರೆದದ್ದು. ಸಂಜೆ ಹೊತ್ತಿಗೆ ಇನ್ನಷ್ಟು ಜನಕ್ಕೆ ಗೊತ್ತಾಗಿರುತ್ತೆ. ಕಳ್ಳಿ ಅಲ್ಲ ಅಂತ ನಾನು ಯಾರ್ಯಾರಿಗೆ ಹೇಳ್ಕೊಂಡು ಬರ್ಲಿ?"

ಅವಳು ಕೂಗಾಡಲಿಲ್ಲ. ಲೆಕ್ಕ ಕೇಳುವವಳಂತೆ ಕೇಳಿದಳು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಅಂಗಡಿಯಿಂದ ಹೀಗೆ ಪೆಟ್ಟಿಗೆ ಮುಚ್ಚಿಕೊಂಡು ಎದ್ದು ಬಂದಿದ್ದೇನೆ ಎಂದು ಅವನಿಗೆ ಮೊದಲ ಸಲ ಹೊಳೆಯಿತು. ಜೇಬಿನಿಂದ ಪೆನ್ನು ತೆಗೆದ. ದಿನಚರಿಯ ಹಾಳೆ ಹರಿದು, "ಪರೀಕ್ಷಿಸಲಾಗಿ ತೂಕ ಸರಿಯಾಗಿರುವುದು ಕಂಡುಬಂದಿದೆ" ಎಂದು ಬರೆದು ಸಹಿ ಹಾಕಿದ. ಕಾನೂನಿನಲ್ಲಿ ಆ ಕಾಗದಕ್ಕೆ ಬೆಲೆಯಿಲ್ಲ. ಹೆಂಗಸು ಅದನ್ನು ಎರಡು ಸಲ ಓದಿ, ಎಲ್ಲರಿಗೂ ಕಾಣುವಂತೆ ಕಂಬದ ಮೊಳೆಗೆ ಚುಚ್ಚಿದಳು. ಇಷ್ಟು ಸುಲಭವಾ ಎಂದುಕೊಂಡ. ಮನೆಗೆ ಹೋಗಿ ತಂತಿಯನ್ನು ಹೆಂಡತಿಯ ಕೈಯಲ್ಲಿಡುತ್ತೇನೆ, ಇದು ನೋಡು, ಇದೇ ಕಳ್ಳ ಎನ್ನುತ್ತೇನೆ, ಅವಳು ಬೈಯುತ್ತಾಳೆ, ಬೈಸಿಕೊಳ್ಳುತ್ತೇನೆ. ದಾರಿಯುದ್ದಕ್ಕೂ ಬೈಗುಳಗಳನ್ನು ಕಲ್ಪಿಸಿಕೊಂಡು ಬಂದ. ಒಂದೊಂದು ಬೈಗುಳವೂ ಹಿತವಾಗಿತ್ತು.

ಬಾಗಿಲು ತೆರೆದೇ ಇತ್ತು. ಹೆಂಡತಿ ಯಂತ್ರದ ಮುಂದೆ ಕೂತು ಯಾವುದೋ ಹಾಲ್‌ಗೆ ಹಾಕುವ ಉದ್ದನೆಯ ನೀಲಿ ಪರದೆಗೆ ಅಂಚು ಮಡಿಸುತ್ತಿದ್ದಳು. ಬಟ್ಟೆ ಮೇಜು ದಾಟಿ ನೆಲದ ಮೇಲೆ ರಾಶಿ ಬಿದ್ದಿತ್ತು. ಯಂತ್ರದ ಪಕ್ಕ, ಕತ್ತರಿಯ ಪಕ್ಕ, ಎರಡು ಸೀಸದ ಸೀಲು. ಅವಳು ತಲೆ ಎತ್ತಲಿಲ್ಲ. ಅವನು ಸೈಕಲ್ಲನ್ನು ಗೋಡೆಗೆ ಒರಗಿಸಿ, ನಿಂತುಕೊಂಡೇ ಕಾಗದ ಬಿಚ್ಚಿದ. ಬಿಚ್ಚುವಾಗಲೇ ತಂತಿ ಎಲ್ಲಿ ಬಿತ್ತೋ ಏನೋ, ಕಾಗದ ಖಾಲಿ. ಬಗ್ಗಿ ನೆಲ ತಡವಿದ. ನೀಲಿ ಬಟ್ಟೆಯ ಮಡಿಕೆಗಳಲ್ಲಿ ತಡವಿದ.

"ಏನು ಹುಡುಕ್ತಿದೀರಿ?"

"ತಂತಿ. ಟೈರ್ ಒಳಗೆ ಒಂದು ಸಣ್ಣ ತಂತಿ ಇತ್ತಂತೆ. ಇಷ್ಟು ದಿನದ ಪಂಕ್ಚರಿಗೆಲ್ಲ ಅದೇ ಕಾರಣ. ಮೇಸ್ತ್ರಿ ಇವತ್ತು ತೆಗೆದ. ಇಲ್ಲೇ ಇತ್ತು, ಕಾಗದದಲ್ಲಿ." ಮಂಡಿಯೂರಿದ್ದವನು ಅಲ್ಲಿಂದಲೇ ಹೇಳಿದ. "ನೀನಲ್ಲ."

ಯಂತ್ರ ನಿಂತಿತು. "ನಾನಲ್ಲ" ಎಂದಳು ಅವಳು. ಪ್ರಶ್ನೆಯಾಗಿರಲಿಲ್ಲ. ಸೀಲೊಂದನ್ನು ಕೈಗೆತ್ತಿಕೊಂಡು, "ತಕ್ಕಡಿಗೆ ಹಾಕೋ ಸೀಲು ನಂಗೆ ಹಾಕಿದ್ರಾ?" ಎಂದಳು.

"ತಪ್ಪಾಯ್ತು."

"ಸೂಜಿನೂ ಎಣಿಸಿದ್ರಿ. ಡಬ್ಬಿ ತಿರುಗಿಸಿ ಇಟ್ಟಿದ್ರಿ, ಮುಚ್ಚಳದ ಹೂವು ಆ ಕಡೆ ಆಗಿತ್ತು. ಅವತ್ತು ನಂಗೆ ಅರ್ಥ ಆಗ್ಲಿಲ್ಲ. ಇವತ್ತು ಆಯ್ತು."

"ತಪ್ಪಾಯ್ತು ಅಂದ್ನಲ್ಲ. ಆ ಶನಿವಾರ ತೂತೇ ಇರ್ಲಿಲ್ಲ ನೋಡು, ಯಾರೋ ಗಾಳಿ ಬಿಟ್ಟಿದಾರೆ ಅಂದ ಮೇಸ್ತ್ರಿ, ಅಲ್ಲಿಂದ ನನ್ನ ತಲೆ ಕೆಟ್ಟು..."

"ಅದು ನಾನೇ."

ಅವನು ನೆಲದಿಂದ ಏಳಲು ಹೊರಟಿದ್ದವನು ಏಳಲಿಲ್ಲ.

"ಆ ಒಂದ್ಸಲ ನಾನೇ. ಮಿಕ್ಕಿದ್ದು ನಂಗೊತ್ತಿಲ್ಲ. ಗಾಳಿ ಮೂತಿ ತುದೀಲಿರೋ ಸಣ್ಣ ತಿರುಪು ಸಡಿಲ ಮಾಡಿ ಒತ್ತಿದೆ. ಎಷ್ಟು ಜೋರಾಗಿ ಸದ್ದು ಬಂತು ಅಂದ್ರೆ ನೀವು ಎದ್ದೇ ಬಿಡ್ತೀರಿ ಅಂದ್ಕೊಂಡೆ. ಏಳ್ಲಿಲ್ಲ."

"ಯಾಕೆ?" ಎಂದು ಕೇಳಿದಾಗ ಅವನ ದನಿಯಲ್ಲಿ, ನಾಚಿಕೆಯಾಗಬೇಕಾದ ಒಂದು ಚೂರು ಗೆಲುವಿತ್ತು. ಅವಳಿಗೂ ಅದು ಕೇಳಿಸಿತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡಳು.

"ಹಿಂದಿನ ದಿನ ಊಟ ಮಾಡೋವಾಗ ಕೇಳಿದ್ದೆ, ನಾಳೆ ಬೆಳಿಗ್ಗೆ ಮನೇಲಿರ್ತೀರಾ ಅಂತ. ನೀವು ಯಾಕೆ ಅಂದ್ರಿ. ನಾನು ಸುಮ್ನೆ ಅಂದೆ. ನಾಳೆ ಶನಿವಾರ, ದೂರ ಹೋಗ್ತೀನಿ ಅಂದ್ರಿ. ನೆನಪಿದ್ಯಾ?"

ನೆನಪಿರಲಿಲ್ಲ. ನೆನಪಿದೆ ಎಂದು ತಲೆಯಾಡಿಸಿದ.

"ಎಡಗಡೆ ಎದೇಲಿ ಒಂದು ಗಂಟು ಕೈಗೆ ಸಿಕ್ಕಿತ್ತು. ಅದಕ್ಕೆ ಹತ್ತು ದಿನ ಮುಂಚೆ. ಆಸ್ಪತ್ರೇಲಿ ಸೂಜಿ ಹಾಕಿ ಸ್ವಲ್ಪ ತೆಗೆದು ಪರೀಕ್ಷೆಗೆ ಕಳ್ಸಿದ್ರು. ಶನಿವಾರ ಹತ್ತೂವರೆಗೆ ಬನ್ನಿ, ಒಬ್ರೇ ಬರ್ಬೇಡಿ, ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಬನ್ನಿ ಅಂದ್ರು. ಜೊತೆಗೆ ಕರ್ಕೊಂಡು ಬನ್ನಿ ಅಂದ್ರೆ ಏನರ್ಥ? ನಾನು ಎಲ್ಲಾ ತಯಾರಾಗಿದ್ದೆ. ಗಾಳಿ ಇಲ್ಲದೆ ಇದ್ರೆ ಎಲ್ಲಿಗೂ ಹೋಗಲ್ಲ, ಸಿಟ್ಟು ಮಾಡ್ಕೊಂಡು ಮನೇಲೇ ಕೂರ್ತೀರಿ, ಕೂತಾಗ ಹೇಳೋಣ ಅಂತ. ಹಾಗೇ ಸುಮ್ನೆ ಹೇಳೋಕಾಗ್ತಿರಲಿಲ್ಲ ನಂಗೆ. ನೀವು ಸೈಕಲ್ ಹೆಗಲ ಮೇಲೆ ಹೊತ್ಕೊಂಡು ಹೊರಟ್ರಿ. ಬಾಗಿಲಲ್ಲಿ ನಾನು ನಿಂತಿದ್ದೆ. ಸ್ವಲ್ಪ ಸರಿ ಅಂದ್ರಿ. ಸರಿದೆ."

ಆ ಬೆಳಿಗ್ಗೆ ಅವನಿಗೆ ಈಗ ಚೆನ್ನಾಗಿ ನೆನಪಿಗೆ ಬಂತು. ಅವಳು ಹೇಳಿದ್ದಲ್ಲ, ಅದರಾಚೆಯದು. ಮೇಸ್ತ್ರಿಯ ಅಂಗಡಿಯಲ್ಲಿ ಮರದ ಸ್ಟೂಲಿನ ಮೇಲೆ ಕೂತು ಎರಡು ಲೋಟ ಚಹಾ ಕುಡಿದಿದ್ದ. ಓರೆಯಾದ ಚಕ್ರವನ್ನು ಕಡ್ಡಿ ಬಿಗಿದು ನೇರ ಮಾಡುವುದು ಹೇಗೆಂದು ಮೇಸ್ತ್ರಿ ಕಲಿಸಿದ್ದ. ಒಂದು ಗಂಟೆಯವರೆಗೂ ಅಲ್ಲೇ ಇದ್ದ. ಆ ವರ್ಷದಲ್ಲಿ ಅಷ್ಟು ಖುಷಿಯಾಗಿದ್ದ ಬೆಳಿಗ್ಗೆ ಇನ್ನೊಂದಿರಲಿಲ್ಲ. ಮನೆಗೆ ಬಂದಾಗ ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಹೊರಗೆ ಹೋಗುವ ಸೀರೆಯಲ್ಲಿ ಯಾಕೆ ಪಾತ್ರೆ ತೊಳೆಯುತ್ತಿದ್ದಾಳೆ ಎಂದು ಒಂದು ಕ್ಷಣ ಅನಿಸಿತ್ತೋ ಇಲ್ಲವೋ. ಅನಿಸಿತ್ತು. ಕೇಳಿರಲಿಲ್ಲ.

"ಒಬ್ಳೇ ಹೋದ್ಯಾ?"

"ಎರಡು ಬಸ್ಸು. ಅಲ್ಲಿ ಒಂದು ಅರ್ಜಿ ಕೊಟ್ರು. ಜೊತೆಗೆ ಬಂದವರು ಅಂತ ಒಂದು ಕಡೆ ಬರೀಬೇಕು. ಗಂಡ ಅಂತ ಬರ್ದೆ. ನರ್ಸು, ಎಲ್ಲಿ ಅವ್ರು ಅಂದ್ಲು. ಕೆಳಗೆ ಗಾಡಿ ನಿಲ್ಲಿಸ್ತಿದಾರೆ, ಬರ್ತಾರೆ ಅಂದೆ. ಮತ್ತೆ ಬಂದು ಕೇಳಿದ್ಲು. ಜಾಗ ಸಿಕ್ಕಿಲ್ಲ ಅನ್ಸುತ್ತೆ ಅಂದೆ. ಮೂರನೇ ಸಲ ಅವ್ಳು ಏನೂ ಕೇಳ್ಲಿಲ್ಲ, ಸುಮ್ನೆ ನನ್ನ ಪಕ್ಕ ಒಂದು ನಿಮಿಷ ಕೂತು ಎದ್ದು ಹೋದ್ಲು. ಅದೇ ಬೇಜಾರಾಯ್ತು ನಂಗೆ. ಅವ್ಳು ಕೇಳ್ಬೇಕಿತ್ತು."

"ಏನಂದ್ರು ಡಾಕ್ಟ್ರು?" ಅವನಿಗೆ ತನ್ನ ಬಾಯಿಂದ ಮಾತು ಹೊರಟದ್ದು ಕೇಳಿಸಲಿಲ್ಲ, ಅವಳ ತುಟಿಗಳನ್ನೇ ನೋಡುತ್ತಿದ್ದ.

"ಏನೂ ಇಲ್ಲ ಅಂದ್ರು."

"ಏನೂ ಇಲ್ಲ?"

"ಬರೀ ಗಂಟು. ಹೆದರೋದೇನಿಲ್ಲ ಅಂದ್ರು. ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು, ಆಗ್ಲೇ, ಅಲ್ಲೇ. ಕೆಟ್ಟ ಸುದ್ದಿ ಆಗಿದ್ರೆ ಒಬ್ಳೇ ಇಟ್ಕೋಬಹುದಿತ್ತು, ಅದಕ್ಕೆ ತಯಾರಾಗಿ ಹೋಗಿದ್ದೆ. ಒಳ್ಳೇ ಸುದ್ದಿ ಒಬ್ಳೇ ಇಟ್ಕೊಳ್ಳೋಕೆ ಆಗ್ಲಿಲ್ಲ. ನಿಮಗೆ ಫೋನ್ ಮಾಡಿದ್ರೆ ಎತ್ಲಿಲ್ಲ."

ಸ್ಟೂಲಿನ ಮೇಲೆ ಕೂತಿದ್ದಾಗ ಜೇಬಿನಲ್ಲಿ ಫೋನು ನಡುಗಿತ್ತು. ಕೈಯೆಲ್ಲ ಗ್ರೀಸು. ಆಮೇಲೆ ನೋಡಿದರಾಯಿತು ಎಂದುಕೊಂಡಿದ್ದ. ಆಮೇಲೆ ನೋಡಿ, ಮನೆಗೇ ಹೋಗುತ್ತಿದ್ದೇನಲ್ಲ ಎಂದುಕೊಂಡಿದ್ದ.

"ಲಿಫ್ಟ್ ಒಳಗೆ ಹೋದೆ. ಲಿಫ್ಟ್‌ನವ್ನು ಒಬ್ನೇ ಇದ್ದ, ಸ್ಟೂಲ್ ಹಾಕ್ಕೊಂಡು ಕೂತಿದ್ದ. ಅವನಿಗೇ ಹೇಳ್ದೆ, ನಂಗೇನೂ ಇಲ್ವಂತೆ ಅಂತ. ಅವ್ನು ನನ್ನ ಮುಖ ನೋಡ್ದ. ಹಾಗಾದ್ರೆ ಕೆಳಗೇ ತಾನೇ ಅಮ್ಮ ಅಂದ." ಅವಳು ನಕ್ಕಳು. ನಗು ಬರುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ಅವಳ ಅಭ್ಯಾಸ. ಹಿಡಿದ ಕೈ ಅಲ್ಲೇ ಉಳಿಯಿತು. "ನಾಲ್ಕು ಮಹಡಿ ನಗ್ತಾನೇ ಇಳಿದೆ. ಅವ್ನೂ ನಕ್ಕ, ಪಾಪ, ಯಾಕೆ ಅಂತ ಗೊತ್ತಿಲ್ದೆ."

ಅವನಿಗೆ ನಗಲು ಬರಲಿಲ್ಲ. ಅಳಲು ಹಕ್ಕಿರಲಿಲ್ಲ. ನಾಲ್ಕು ತಿಂಗಳು ಇದೇ ಮನೆಯಲ್ಲಿ, ಎದುರೆದುರು ಕೂತು ಉಂಡಿದ್ದಾರೆ. ಅವಳ ಎದುರಿಗೆ ಕೂತು ಅವನು ತನ್ನ ಪಂಕ್ಚರುಗಳ ವರದಿ ಒಪ್ಪಿಸಿದ್ದಾನೆ, ಎಲ್ಲಿ ಆಯಿತು, ಎಷ್ಟು ದೂರ ನಡೆದೆ, ಹಿಮ್ಮಡಿಯಲ್ಲಿ ಹೇಗೆ ಬೊಬ್ಬೆ ಎದ್ದಿತು. ಅವಳು ಬೊಬ್ಬೆಗೆ ಮುಲಾಮು ತಂದುಕೊಟ್ಟಿದ್ದಳು. "ನಂಗೆ ಯಾಕೆ ಆಮೇಲಾದ್ರೂ ಹೇಳ್ಲಿಲ್ಲ?" ಎಂದು ಕೇಳಿದ. ಕೇಳುವಾಗಲೇ ಅದು ದೂರಿನಂತೆ ಹೊರಟಿತು.

"ಏನೂ ಇಲ್ಲ ಅನ್ನೋದನ್ನ ಹೇಗೆ ಹೇಳೋದು? ಏನೋ ಇತ್ತು ಅಂತ ಮೊದಲು ಹೇಳ್ಬೇಕಲ್ಲ."

ಹೊರಗೆ ಯಾರದೋ ಮನೆಯ ಬಾಗಿಲು ಹಾಕಿಕೊಂಡಿತು. ಅವನು ನಿಧಾನವಾಗಿ ಎದ್ದು ನಿಂತ, ಮಂಡಿ ಮರಗಟ್ಟಿತ್ತು. "ಮತ್ತೆ ತೋರಿಸ್ಬೇಕಾ?" ಎಂದ.

"ಆರು ತಿಂಗಳಿಗೆ ಒಂದ್ಸಲ ಬಂದು ತೋರಿಸಿ ಅಂದಿದಾರೆ. ಇನ್ನೆರಡು ತಿಂಗಳಿದೆ."

"ನಾನೂ ಬರ್ತೀನಿ."

ಅವಳು ಉತ್ತರ ಕೊಡುವ ಮುಂಚೆ ಪರದೆಯ ಮಡಿಕೆ ಸರಿಮಾಡಿ, ಸೂಜಿಯ ಕೆಳಗೆ ಬಟ್ಟೆ ತೂರಿಸಿ, ಯಂತ್ರದ ಪಾದ ಇಳಿಸಿದಳು. "ಬೇಡ ಬಿಡಿ" ಎಂದಳು. ಕೋಪವಿರಲಿಲ್ಲ ಅದರಲ್ಲಿ, ಕೋಪವಿದ್ದಿದ್ದರೆ ಹಿಡಿದುಕೊಳ್ಳಲು ಏನೋ ಒಂದು ಸಿಗುತ್ತಿತ್ತು. "ಈಗ ನಂಗೆ ದಾರಿ ಗೊತ್ತು."

ಯಂತ್ರ ಶುರುವಾಯಿತು. ಅವನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಿಂತೇ ಇದ್ದ. ನೆಲದ ಮೇಲೆ ರಾಶಿ ಬಿದ್ದ ಪರದೆ ಅದರದೇ ಭಾರಕ್ಕೆ ಮೇಜಿನಿಂದ ಜಗ್ಗುತ್ತಿತ್ತು. ಪ್ರತಿ ಸಲ ಜಗ್ಗಿದಾಗ ಅವಳು ಹೊಲಿಗೆ ನಿಲ್ಲಿಸಿ, ಎಡಗೈಯಿಂದ ಮೇಲೆಳೆದುಕೊಂಡು, ಮತ್ತೆ ತುಳಿಯುತ್ತಿದ್ದಳು. ಎಷ್ಟು ವರ್ಷದಿಂದ ಹೀಗೆ ಎಳೆದುಕೊಳ್ಳುತ್ತಿದ್ದಾಳೋ. ಅವನು ಬಗ್ಗಿ ಬಟ್ಟೆಯ ಆ ಕೊನೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಜಗ್ಗುವುದು ನಿಂತಿತು. ಅವಳು ಬಿಡಿ ಎನ್ನಲಿಲ್ಲ, ಹಿಡಿದುಕೊಳ್ಳಿ ಎಂದೂ ಅನ್ನಲಿಲ್ಲ, ತಿರುಗಿಯೂ ನೋಡಲಿಲ್ಲ. ಪರದೆ ಹದಿನೈದು ಅಡಿಯಾದರೂ ಇತ್ತು. ಸೂಜಿ ಅದನ್ನು ಅಂಗುಲ ಅಂಗುಲವಾಗಿ ತನ್ನ ಕಡೆ ಎಳೆದುಕೊಳ್ಳುತ್ತಾ ಹೋದಂತೆ ಅವನು ಒಂದು ಹೆಜ್ಜೆ ಮುಂದಕ್ಕೆ ಇಡಬೇಕಾಯಿತು, ಸ್ವಲ್ಪ ಹೊತ್ತಿಗೆ ಇನ್ನೊಂದು.